ವಿದೇಶದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಸ್ನಾತಕೋತ್ತರ ವ್ಯಾಸಂಗ: ಅರ್ಜಿ ಸಲ್ಲಿಸುವ ಮುನ್ನ

ಮುಂಬಯಿಯ ಸಯನ್ ಬಡಾವಣೆಯ ಹೆಸರು ಗಡಿ ಎಂಬರ್ಥವುಳ್ಳ 'ಶೀವ' ಎಂಬ ಮರಾಠಿ ಪದದಿಂದ ಬಂದುದು. 17ನೆಯ ಶತಮಾನದಲ್ಲಿ ಆಂಗ್ಲರ ವಶದಲ್ಲಿದ್ದ ಮುಂಬಯಿ ದ್ವೀಪಗಳು ಇಲ್ಲಿಗೆ ಕೊನೆಗೊಂಡು, ಖಾರಿಯಾಚೆ ಪೋರ್ಚುಗೀಸರ ಸಾಷ್ಟಿ ದ್ವೀಪ ಆರಂಭವಾಗುತ್ತಿತ್ತು. ಆ ಗಡಿಯ ಕಾವಲಿಗಾಗಿ ಕಟ್ಟಿದ ಕೋಟೆಯ ಅವಶೇಷಗಳು ಸಯನ್ ಗುಡ್ಡದ ಮೇಲೆ ಇಂದಿಗೂ ಉಳಿದಿವೆ. 1661ರಲ್ಲಿ ಯೂರೋಪಿನ ಎರಡು ರಾಜಮನೆತನಗಳ ನಡುವೆ ಆದ ವಿವಾಹ ಒಪ್ಪಂದವು ಇಲ್ಲಿನ ಜನರ ಆಳರಸರನ್ನೇ ಬದಲಿಸಿತು. ದೂರದಲ್ಲಿ ಆಗುವ ಒಡಂಬಡಿಕೆಗಳು ಸಾಮಾನ್ಯರ ಬದುಕನ್ನು ಹೇಗೆ ಮುಟ್ಟುತ್ತವೆ ಎಂಬುದನ್ನು ವಿವೇಚಿಸುವ ಶಾಸ್ತ್ರವೇ ಅಂತರರಾಷ್ಟ್ರೀಯ ವ್ಯವಹಾರಗಳ ಅಧ್ಯಯನ.

ಸಯನ್, ಮಾಟುಂಗಾ, ಧಾರಾವಿ ಪರಿಸರದಲ್ಲಿ ಕನ್ನಡಿಗ ಕುಟುಂಬಗಳು ಹಲವು ತಲೆಮಾರುಗಳಿಂದ ನೆಲೆಸಿವೆ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದು. ಅಂಥ ಮನೆಗಳ ಮಕ್ಕಳು ಇಂದು ವಿದೇಶಿ ವಿಶ್ವವಿದ್ಯಾನಿಲಯಗಳತ್ತ ದೃಷ್ಟಿ ಹರಿಸುತ್ತಿದ್ದಾರೆ. ತಪ್ಪು ತಿಳಿವಳಿಕೆಯಿಂದ ಹಾಕಿದ ಅರ್ಜಿಗೆ ಮನೆಯವರ ಜೀವಮಾನದ ಉಳಿತಾಯವೇ ಬೆಲೆಯಾಗಬಹುದಾದ್ದರಿಂದ, ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಉದ್ದೇಶದ ನಿರ್ಧಾರ

ಮೊದಲನೆಯದಾಗಿ, ಈ ಪದವಿ ಯಾವುದಕ್ಕೆ ಬೇಕು ಎಂಬುದನ್ನು ಅಭ್ಯರ್ಥಿಯು ನಿರ್ಧರಿಸಿಕೊಳ್ಳಬೇಕು. ಭಾರತೀಯ ವಿದೇಶಾಂಗ ಸೇವೆಯನ್ನು ಸೇರಲು ವಿದೇಶಿ ಪದವಿಯ ಅಗತ್ಯವಿಲ್ಲ. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ಯಾವುದೇ ವಿಷಯದ ಪದವಿ ಸಾಕು. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೂ ಮೊದಲ ಪದವಿ ಸಾಕಾಗುತ್ತದೆ. ಆದರೆ ವಯಸ್ಸು 32ನ್ನು ಮೀರಿರಬಾರದು, ಮತ್ತು ಆಯಾ ವರ್ಷದ ರಾಷ್ಟ್ರಗಳ ಪಟ್ಟಿಯಲ್ಲಿ ಅಭ್ಯರ್ಥಿಯ ದೇಶದ ಹೆಸರಿರಬೇಕು. ಸಂಶೋಧನೆ, ಅಧ್ಯಾಪನ, ಅಭಿವೃದ್ಧಿ ಸಂಸ್ಥೆಗಳು, ಪತ್ರಿಕೋದ್ಯಮ, ವಾಣಿಜ್ಯ ನೀತಿ ಮುಂತಾದ ಕ್ಷೇತ್ರಗಳಿಗೆ ಹೋಗಬಯಸುವವರಿಗೆ ಈ ವ್ಯಾಸಂಗ ಹೆಚ್ಚು ಉಪಯುಕ್ತ.

ಸ್ವದೇಶದಲ್ಲಿಯೇ ಇರುವ ಅವಕಾಶಗಳನ್ನೂ ಪರಿಶೀಲಿಸುವುದು ಒಳಿತು. 1955ರಲ್ಲಿ ಆರಂಭವಾದ ಭಾರತೀಯ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯು 1970ರಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಯಿತು. ಸಯನ್‌ಗೆ ಸಮೀಪದ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿಯೂ ಈ ವಿಷಯದ ಬೋಧನೆಯಿದೆ.

ಸಂಸ್ಥೆಗಳು ಮತ್ತು ಅವಧಿ

ಈ ವಿಷಯಕ್ಕೆ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾದುದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ. ಮೊದಲ ಮಹಾಯುದ್ಧದ ಸಾವುನೋವುಗಳೇ ಅದಕ್ಕೆ ಪ್ರೇರಣೆ. ಬಳಿಕ 1927ರಲ್ಲಿ ಜಿನೀವಾದ ಸ್ನಾತಕೋತ್ತರ ಸಂಸ್ಥೆ, 1933ರಲ್ಲಿ ಅಮೆರಿಕದ ಫ್ಲೆಚರ್ ಶಾಲೆ, 1946ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ವ್ಯವಹಾರಗಳ ಶಾಲೆ ಆರಂಭವಾದವು.

ಅಮೆರಿಕದಲ್ಲಿ ಈ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಎರಡು ವರ್ಷ, ಬ್ರಿಟನ್ನಿನಲ್ಲಿ ಒಂದು ವರ್ಷ ಹಿಡಿಯುತ್ತದೆ. ಬ್ರಿಟನ್ನಿನ ಒಂದು ವರ್ಷದ ಪದವಿಗೆ ಭಾರತದಲ್ಲಿ ಮಾನ್ಯತೆ ಇದೆಯೇ ಎಂಬ ಶಂಕೆ ಬಹುಕಾಲ ಇತ್ತು. 2022ರ ಜುಲೈನಲ್ಲಿ ಉಭಯ ದೇಶಗಳ ನಡುವೆ ಆದ ಒಪ್ಪಂದವು ಅದನ್ನು ಪರಿಹರಿಸಿತು. ನಮ್ಮ ಮೂರು ವರ್ಷದ ಪದವಿಯನ್ನು ಬ್ರಿಟನ್ ಸಾಮಾನ್ಯವಾಗಿ ಒಪ್ಪುತ್ತದೆ. ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ಆಯಾ ವಿಶ್ವವಿದ್ಯಾನಿಲಯಕ್ಕೆ ಬರೆದು ಖಚಿತಪಡಿಸಿಕೊಳ್ಳತಕ್ಕದ್ದು.

ಅರ್ಜಿಯ ಅಂಗಗಳು

ಅಮೆರಿಕದ ಬಹುಪಾಲು ಶಾಲೆಗಳಲ್ಲಿ ಸೆಪ್ಟೆಂಬರ್ ವೇಳೆಗೆ ಆರಂಭವಾಗುವ ತರಗತಿಗಳಿಗೆ ಹಿಂದಿನ ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಆದುದರಿಂದ ಸಿದ್ಧತೆಯನ್ನು ಒಂದೂವರೆ ವರ್ಷ ಮೊದಲೇ ಆರಂಭಿಸುವುದು ಕ್ಷೇಮ. ವಿಶ್ವವಿದ್ಯಾನಿಲಯದಿಂದ ಪಡೆದ ಅಂಕಗಳ ಅಧಿಕೃತ ಪ್ರತಿ, ಎರಡು ಅಥವಾ ಮೂರು ಶಿಫಾರಸು ಪತ್ರಗಳು, ಇಂಗ್ಲಿಷ್ ಭಾಷಾ ಪರೀಕ್ಷೆಯ ಫಲಿತಾಂಶ ಹಾಗೂ ಉದ್ದೇಶ ನಿರೂಪಣೆ ಅರ್ಜಿಯ ಮುಖ್ಯ ಅಂಗಗಳು. ಟೋಫೆಲ್, ಐಇಎಲ್‌ಟಿಎಸ್ ಫಲಿತಾಂಶಗಳು ಎರಡು ವರ್ಷಗಳವರೆಗೆ, ಜಿಆರ್‌ಇ ಫಲಿತಾಂಶವು ಐದು ವರ್ಷಗಳವರೆಗೆ ಊರ್ಜಿತ. ಜಿಆರ್‌ಇ ಎಲ್ಲ ಕಡೆಯೂ ಕಡ್ಡಾಯವಲ್ಲ.

ಇವುಗಳಲ್ಲಿ ಉದ್ದೇಶ ನಿರೂಪಣೆಗೆ ವಿಶೇಷ ಮಹತ್ವವುಂಟು. 'ವಿಶ್ವಶಾಂತಿಗಾಗಿ ದುಡಿಯಬೇಕೆಂಬ ಹಂಬಲ' ಎಂಬಂಥ ಮಾತುಗಳು ಸಾವಿರಾರು ಅರ್ಜಿಗಳಲ್ಲಿರುತ್ತವೆ. ಅಭ್ಯರ್ಥಿಯು ತಾನು ಕಂಡ ಒಂದು ನಿಶ್ಚಿತ ಪ್ರಶ್ನೆಯನ್ನು ಮುಂದಿಡುವುದು ಉತ್ತಮ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವ ಕರಾವಳಿಯ ಕಾರ್ಮಿಕರಿಗೆ ಯಾವ ಒಪ್ಪಂದಗಳು ರಕ್ಷಣೆ ನೀಡುತ್ತವೆ? ಕರಾವಳಿಯಿಂದ 200 ನಾಟಿಕಲ್ ಮೈಲುಗಳವರೆಗಿನ ಆರ್ಥಿಕ ವಲಯವನ್ನು ಗುರುತಿಸಿದ 1982ರ ಸಮುದ್ರ ಕಾನೂನು ಒಡಂಬಡಿಕೆಯಿಂದ ಮಲ್ಪೆಯ ಮೀನುಗಾರನಿಗೆ ಆದ ಲಾಭವೇನು? ಇಂಥ ಪ್ರಶ್ನೆ, ಅದಕ್ಕಾಗಿ ಈವರೆಗೆ ಮಾಡಿದ ಓದು, ಆ ಸಂಸ್ಥೆಯಲ್ಲಿಯೇ ಅದನ್ನು ಮುಂದುವರಿಸಬೇಕಾದ ಕಾರಣ, ಈ ಮೂರೂ ನಿರೂಪಣೆಯಲ್ಲಿ ಸ್ಪಷ್ಟವಾಗಿರಬೇಕು. ಕನ್ನಡ, ತುಳು, ಮರಾಠಿ, ಹಿಂದಿ ಭಾಷೆಗಳನ್ನು ಬಲ್ಲವರು ಅದನ್ನು ಸಂಕೋಚವಿಲ್ಲದೆ ನಮೂದಿಸಬೇಕು. ಈ ಕ್ಷೇತ್ರದಲ್ಲಿ ಬಹುಭಾಷಾ ಜ್ಞಾನವು ಅರ್ಹತೆಯೇ ಆಗಿದೆ.

ಶಿಫಾರಸು ಪತ್ರಗಳನ್ನು ಅಭ್ಯರ್ಥಿಯ ಕೆಲಸವನ್ನು ನಿಕಟವಾಗಿ ಬಲ್ಲ ಅಧ್ಯಾಪಕರಿಂದ ಪಡೆಯಬೇಕು. ಅವನನ್ನು ಅರಿಯದ ದೊಡ್ಡ ಹುದ್ದೆಯವರ ಪತ್ರಕ್ಕೆ ಹೆಚ್ಚಿನ ಬೆಲೆಯಿರುವುದಿಲ್ಲ.

ಹಣದ ವ್ಯವಸ್ಥೆ

ಈ ವಿಷಯದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಉದಾಹರಣೆ ಬೋಧಪ್ರದವಾಗಿದೆ. 1913ರಲ್ಲಿ ಅವರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1916ರಲ್ಲಿ ಅವರು ಲಂಡನ್ ಅರ್ಥಶಾಸ್ತ್ರ ಶಾಲೆಯನ್ನು ಸೇರಿದರಾದರೂ, ವೇತನದ ಅವಧಿ ಮುಗಿದುದರಿಂದ ಮರುವರ್ಷವೇ ವ್ಯಾಸಂಗವನ್ನು ನಡುವೆ ನಿಲ್ಲಿಸಿ ಮರಳಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಮಿತ್ರರೊಬ್ಬರ ಸಾಲದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಮುಂದೆ ಅವರು ಕಟ್ಟಿಸಿದ 'ರಾಜಗೃಹ'ವು ಸಯನ್‌ನಿಂದ ಅನತಿದೂರದ ದಾದರಿನ ಹಿಂದೂ ಕಾಲನಿಯಲ್ಲಿದೆ. ಪ್ರವೇಶ ದೊರೆತರೆ ಸಾಲದು, ಕೊನೆಯ ಪರೀಕ್ಷೆಯವರೆಗೂ ಹಣ ಒದಗಬೇಕು. ಕರಾರಿಗೆ ಸಹಿ ಹಾಕುವ ಮುನ್ನ ಷರತ್ತುಗಳನ್ನು ಅರಿಯಬೇಕು. ಈ ಎರಡು ಮಾತುಗಳು ಇಂದಿಗೂ ಸತ್ಯ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಯೋಜನೆಯು 1954-55ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿಗಳು, ಅಲೆಮಾರಿ ಸಮುದಾಯಗಳು, ಭೂಹೀನ ಕೃಷಿ ಕಾರ್ಮಿಕರು ಮತ್ತು ಪರಂಪರಾಗತ ಕುಶಲಕರ್ಮಿಗಳ ಕುಟುಂಬಗಳಿಗೆ ಇದು ಮೀಸಲು. ಬೋಧನಾ ಶುಲ್ಕ, ನಿರ್ವಹಣಾ ಭತ್ಯೆ ಹಾಗೂ ವಿಮಾನ ಪ್ರಯಾಣದ ವೆಚ್ಚ ಇದರಲ್ಲಿ ಸೇರಿವೆ. ಪರಿಶಿಷ್ಟ ಪಂಗಡಗಳಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ವಯಸ್ಸು, ಆದಾಯ, ಅಂಕ ಹಾಗೂ ವಿಷಯದ ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡತಕ್ಕದ್ದು. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ವ್ಯಾಸಂಗದ ನಂತರ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು.

ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಅರ್ಜಿ ಹಾಕಬಹುದು. 7.5 ಲಕ್ಷ ರೂಪಾಯಿಗಳನ್ನು ಮೀರಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಓದುವ ಕಾಲದಲ್ಲಿಯೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಸಾಲ ರೂಪಾಯಿಯಲ್ಲಿ, ಶುಲ್ಕ ವಿದೇಶಿ ನಾಣ್ಯದಲ್ಲಿ. ರೂಪಾಯಿಯ ಮೌಲ್ಯ ಇಳಿದರೆ ಎರಡನೆಯ ವರ್ಷದ ಶುಲ್ಕ ಅಂದಾಜನ್ನು ಮೀರುತ್ತದೆ. ಇರುವ ಒಂದೇ ಮನೆಯನ್ನು ಆಧಾರವಾಗಿಡುವ ಮುನ್ನ ಮನೆಯವರೆಲ್ಲರೂ ಕುಳಿತು ಈ ಲೆಕ್ಕ ಹಾಕಬೇಕು.

ಪಾಸ್‌ಪೋರ್ಟ್ ಮತ್ತು ವೀಸಾ

ಸಯನ್ ನಿವಾಸಿಗಳಿಗೆ ಇದೊಂದು ಅನುಕೂಲ. ಪಾಸ್‌ಪೋರ್ಟ್ ಪ್ರಾದೇಶಿಕ ಕಚೇರಿಯನ್ನೊಳಗೊಂಡ ವಿದೇಶ ಭವನ 2017ರಿಂದ, ಅಮೆರಿಕದ ದೂತಾವಾಸ 2011ರಿಂದ, ಸಮೀಪದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿಯೇ ಇವೆ. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾನಿಲಯವು ನೀಡುವ ಐ-20 ಪತ್ರ ಅವಶ್ಯ. ಬ್ರಿಟನ್ ವೀಸಾಕ್ಕೆ ಪ್ರವೇಶ ದೃಢೀಕರಣ, ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಹಾಗೂ ನಿಗದಿತ ಹಣವು ಸತತ 28 ದಿನ ಖಾತೆಯಲ್ಲಿದ್ದುದಕ್ಕೆ ಆಧಾರ ಬೇಕು. ಬೇರೆಯವರಿಂದ ಒಂದು ದಿನದ ಮಟ್ಟಿಗೆ ಹಣ ತಂದು ತೋರಿಸುವುದು, ಸುಳ್ಳು ದಾಖಲೆ ಒದಗಿಸುವುದು ಅಪರಾಧ. ಮುಂದಿನ ಅರ್ಜಿಗಳಿಗೂ ಅದರಿಂದ ಬಾಧಕ. ಪ್ರವೇಶ ಅಥವಾ ವೀಸಾ 'ಖಂಡಿತ' ಎನ್ನುವ ಮಧ್ಯವರ್ತಿಗಳನ್ನು ನಂಬಬಾರದು. ವಿದೇಶ ತಲುಪಿದ ವಿದ್ಯಾರ್ಥಿಗಳು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಆಪತ್ಕಾಲದಲ್ಲಿ ನೆರವು ಸುಲಭವಾಗುತ್ತದೆ.

ಮಂಗಳೂರಿನ ಸರ್ ಬೆನಗಲ್ ನರಸಿಂಗ ರಾಯರು ಕೇಂಬ್ರಿಜ್‌ನಲ್ಲಿ ಓದಿ, ಸಂವಿಧಾನ ಸಭೆಯ ಸಲಹೆಗಾರರಾಗಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕರಾವಳಿಯ ಊರಿನಿಂದ ಅಲ್ಲಿಯವರೆಗೆ ದಾರಿಯಿದೆ. ಆ ದಾರಿಯನ್ನು ಹಿಡಿಯುವವರು ಉದ್ದೇಶ, ಅರ್ಹತೆ ಹಾಗೂ ಹಣ, ಈ ಮೂರನ್ನೂ ಮೊದಲೇ ತೂಗಿ ನೋಡಿದರೆ, ಅರ್ಜಿ ಸಫಲವಾದಾಗ ಓದು ಪೂರ್ಣವಾಗುತ್ತದೆ. ಆಗದಿದ್ದಾಗಲೂ ಮನೆಯ ನೆಮ್ಮದಿ ಉಳಿಯುತ್ತದೆ.