ಮುರಿದ ಹಲ್ಲಿಗೆ ಮಗುವಿನದೇ ರಕ್ತ: ಕೀಳಿಸುವ ಮೊದಲು ಪೋಷಕರು ತಿಳಿಯಬೇಕಾದದ್ದು

ಆದವಾನಿ ಕಡೆಯ ಒಂದು ಹಳ್ಳಿ ಅಂತಿಟ್ಟುಕೊಳ್ಳಿ. 8 ವರ್ಷದ ಹುಡುಗ ಶಾಲೆಯಲ್ಲಿ ಬಿದ್ದು ಮೇಲಿನ ಮುಂದಿನ ಹಲ್ಲು ಮುರಿದುಕೊಳ್ಳುತ್ತಾನೆ. ನೋವು ಎರಡು ದಿನದಲ್ಲಿ ಹೋಗುತ್ತದೆ. "ಹಾಲುಹಲ್ಲಲ್ವಾ, ಬೇರೆ ಬರುತ್ತೆ ಬಿಡಿ" ಎಂದು ಮನೆಯವರೂ ಸುಮ್ಮನಾಗುತ್ತಾರೆ. ಕೆಲವು ತಿಂಗಳಲ್ಲಿ ಹಲ್ಲು ಕಪ್ಪಾಗಿ, ಒಸಡಿನಲ್ಲಿ ಕೀವಿನ ಗುಳ್ಳೆ ಏಳುತ್ತದೆ.

ತಪ್ಪಾಗುವುದು ಇಲ್ಲೇ. ಮೇಲಿನ ಮುಂದಿನ ಶಾಶ್ವತ ಹಲ್ಲುಗಳು 7-8ನೇ ವಯಸ್ಸಿಗೇ ಬಂದಿರುತ್ತವೆ. ಹೋದರೆ ಮತ್ತೆ ಬರುವುದಿಲ್ಲ. ಆದರೆ ಹಲ್ಲು ಹೊರಗೆ ಬಂದರೂ ಅದರ ಬೇರು ಪೂರ್ತಿಯಾಗಲು ಇನ್ನೂ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ಒಳಗಿನ ತಿರುಳು ಸತ್ತರೆ ಬೇರಿನ ಬೆಳವಣಿಗೆ ನಿಂತುಬಿಡುತ್ತದೆ. ಗೋಡೆ ತೆಳು, ತುದಿ ತೆರೆದ ಆಲಿಕೆಯ ಹಾಗೆ. ದೊಡ್ಡವರಿಗೆ ಮಾಡುವ ಮಾಮೂಲಿ ರೂಟ್ ಕೆನಾಲ್ ಇದಕ್ಕೆ ಒಗ್ಗುವುದಿಲ್ಲ, ತುಂಬಿದ ವಸ್ತು ತುದಿಯಿಂದ ಆಚೆ ಹೋಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ತಿಂಗಳುಗಟ್ಟಲೆ ಕಾಯುವ ಹಳೆಯ ಕ್ರಮದಲ್ಲಿ ತುದಿ ಮುಚ್ಚಿಕೊಳ್ಳುತ್ತದೆ, ಗೋಡೆ ಮಾತ್ರ ತೆಳುವಾಗಿಯೇ ಉಳಿಯುತ್ತದೆ. ಮುಂದೆ ಸಣ್ಣ ಪೆಟ್ಟಿಗೂ ಮುರಿಯಬಹುದು.

ಬೇರನ್ನೇ ಮತ್ತೆ ಬೆಳೆಸಲು ನೋಡುವ ಚಿಕಿತ್ಸೆಗೆ ಕಳೆದ ಎರಡು ದಶಕಗಳಲ್ಲಿ ಬಲ ಬಂದಿದೆ. ವೈದ್ಯರು ಮೊದಲ ಭೇಟಿಯಲ್ಲಿ ಹಲ್ಲಿನೊಳಗೆ ತೊಳೆದು ಔಷಧಿ ಇಡುತ್ತಾರೆ. ಕೆಲವು ವಾರಗಳ ನಂತರ ಸೋಂಕು ಇಳಿದಿದ್ದರೆ ಬೇರಿನ ತುದಿಯಾಚೆ ಸಣ್ಣಗೆ ಚುಚ್ಚಿ ರಕ್ತ ಒಳಗೆ ತುಂಬುವಂತೆ ಮಾಡುತ್ತಾರೆ. ಹೆಪ್ಪುಗಟ್ಟಿದ ಆ ರಕ್ತವೇ ಹೊಸ ಜೀವಕೋಶಗಳಿಗೆ ಚಪ್ಪರ. ಮೇಲೆ ಸಿಮೆಂಟಿನಂಥ ವಸ್ತು ಹಾಕಿ ಮುಚ್ಚುತ್ತಾರೆ.

ಎಷ್ಟೋ ಸಲ ಬೇಕಾದಷ್ಟು ರಕ್ತ ಬರುವುದೇ ಇಲ್ಲ. ಆಗ ನೆರವಿಗೆ ಬರುವುದು ಪ್ಲೇಟ್‌ಲೆಟ್. ಡೆಂಗಿ ಬಂದಾಗ "ಪ್ಲೇಟ್‌ಲೆಟ್ ಎಷ್ಟಿದೆ?" ಅಂತ ಕೇಳುತ್ತೇವಲ್ಲ, ಅದೇ. ಮಗುವಿನ ಕೈಯಿಂದ ಸ್ವಲ್ಪ ರಕ್ತ ತೆಗೆದು, ಏನೂ ಬೆರೆಸದೆ, ತಕ್ಷಣ ಯಂತ್ರದಲ್ಲಿ ಹತ್ತು-ಹನ್ನೆರಡು ನಿಮಿಷ ತಿರುಗಿಸುತ್ತಾರೆ. ಕೆಂಪು ಕಣಗಳು ಕೆಳಗೆ ಕೂರುತ್ತವೆ, ನಡುವೆ ಹಳದಿ ಜೆಲ್ಲಿಯಂಥ ಗಟ್ಟಿ ಪದರ ಸಿಗುತ್ತದೆ. ಇದೇ ಪಿಆರ್‌ಎಫ್. 2001ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಶುಕ್ರೂನ್ ಪರಿಚಯಿಸಿದ ವಿಧಾನ. ಈ ಪದರ ಗಾಯ ಮಾಯಿಸುವ ಅಂಶಗಳನ್ನು ದಿನಗಟ್ಟಲೆ ನಿಧಾನವಾಗಿ ಬಿಡುತ್ತದೆ. ಬೇರೆಯವರ ರಕ್ತದ ಮಾತೇ ಇಲ್ಲಿಲ್ಲ.

ಹಾಗಂತ ಇದು ಪವಾಡವಲ್ಲ. ಒಳಗೆ ಬೆಳೆಯುವುದು ಹೆಚ್ಚಾಗಿ ಮೂಲ ತಿರುಳಲ್ಲ, ಮೂಳೆಯನ್ನೋ ಬೇರಿನ ಹೊರಪದರವನ್ನೋ ಹೋಲುವ ಅಂಗಾಂಶ. ಬರೀ ರಕ್ತದ ಹೆಪ್ಪಿಗಿಂತ ಪಿಆರ್‌ಎಫ್ ಯಾವಾಗಲೂ ಮೇಲು ಎಂದೂ ಸಾಬೀತಾಗಿಲ್ಲ. ಹಲ್ಲಿನ ಬಣ್ಣ ಕೆಡಬಹುದು. "ಗ್ಯಾರಂಟಿ" ಅನ್ನುವವರ ಬಳಿ ಎರಡು ಸಲ ಯೋಚಿಸಿ.

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದವಾನಿ, ಆಲೂರು ಕಡೆಯವರಿಗೆ ದಂತ ಕಾಲೇಜುಗಳೇನೋ ಇವೆ: ರಾಯಚೂರು, ಬಳ್ಳಾರಿ, ಕರ್ನೂಲು. ಕಷ್ಟ ಬೇರೆಯದು. ಈ ಚಿಕಿತ್ಸೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಆಮೇಲೂ ಒಂದೆರಡು ವರ್ಷ ಎಕ್ಸ್‌ರೇ ತೆಗೆದು ನೋಡಬೇಕು. ಕೋಸಿಗಿ, ಮಂತ್ರಾಲಯ, ಎಮ್ಮಿಗನೂರು ಭಾಗದ ಎಷ್ಟೋ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಗುಂಟೂರಿಗೋ ಬೆಂಗಳೂರಿಗೋ ಕೂಲಿಗೆ ಹೋಗುತ್ತವೆ. ಎರಡನೇ ಭೇಟಿ ತಪ್ಪಿದರೆ ಮತ್ತೆ ಸೋಂಕು. ಆದ್ದರಿಂದ ಗುಳೆ ಹೋಗುವ ತಿಂಗಳನ್ನು ವೈದ್ಯರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಕ್ಸ್‌ರೇ ಫೋಟೊ ಮೊಬೈಲಿನಲ್ಲಿದ್ದರೆ ಬೇರೆ ಊರಿನ ವೈದ್ಯರೂ ಹೋಲಿಸಿ ನೋಡಬಹುದು.