ದಿಲ್ಲಿಯಿಂದ ಹೊರಟ ಹಣ ಮಕ್ಕಳ ಕೈ ಸೇರಬೇಕಾದರೆ

ಸರಕಾರಿ ಶಾಲೆಗೆ ಹೋಗುವ ಮಗು ಸಂಜೆ ಹೊಸ ಸಮವಸ್ತ್ರ ಹಿಡಿದುಕೊಂಡು ಬಂದರೆ ‘ಸ್ಕೂಲಲ್ಲಿ ಕೊಟ್ಟರು’ ಎಂದಷ್ಟೇ ನಾವು ತಿಳಿದುಕೊಳ್ಳುತ್ತೇವೆ. ಯಾರ ಹಣ, ಎಷ್ಟು ಹಣ, ಇನ್ನೇನು ಸಿಗಬೇಕಿತ್ತು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಕೇಳಿದರೆ ಟೀಚರಿಗೆ ಬೇಸರವಾದೀತು ಎಂಬ ಸಂಕೋಚ ಬೇರೆ. ಸಹೋದರಿಯರೇ, ಅಧ್ಯಾಪನ ವೃತ್ತಿಯಲ್ಲಿರುವವರ ಪರವಾಗಿಯೇ ಹೇಳುತ್ತೇನೆ, ಧಾರಾಳವಾಗಿ ಕೇಳಿ.

2001ರಲ್ಲಿ ಆರಂಭವಾದ ಸರ್ವ ಶಿಕ್ಷಾ ಅಭಿಯಾನವನ್ನು 2018ರಲ್ಲಿ ಇತರ ಯೋಜನೆಗಳೊಂದಿಗೆ ಸೇರಿಸಿ ಸಮಗ್ರ ಶಿಕ್ಷಾ ಎಂದು ಹೆಸರಿಡಲಾಯಿತು. ಇದರಲ್ಲಿ ನಮ್ಮ ರಾಜ್ಯದ ಮಟ್ಟಿಗೆ ರೂಪಾಯಿಗೆ 60 ಪೈಸೆ ಕೇಂದ್ರದ್ದು, 40 ಪೈಸೆ ರಾಜ್ಯದ್ದು. ಎರಡು ಜೊತೆ ಸಮವಸ್ತ್ರಕ್ಕೆ ಮಗುವೊಂದಕ್ಕೆ 600 ರೂಪಾಯಿ ಎಂದು ಈ ಯೋಜನೆಯ ನಿಯಮ. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಮಧ್ಯಾಹ್ನದ ಊಟಕ್ಕೂ ಕೇಂದ್ರದ ಲೆಕ್ಕವಿದೆ: ಐದನೇ ತರಗತಿಯವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ. ಈ ಊಟ ಕೂಡಾ ಯಾರದೋ ಔದಾರ್ಯದಿಂದ ಬಂದದ್ದಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿದ ಮೇಲೆ, 2002ರಲ್ಲಿ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು.

50,000 ರೂಪಾಯಿ ದೊಡ್ಡ ಮೊತ್ತವೇನೂ ಅಲ್ಲ. ಸೀಮೆಸುಣ್ಣ, ರಿಜಿಸ್ಟರು, ಕರೆಂಟು ಬಿಲ್ಲು, ನೀರು, ಸಣ್ಣಪುಟ್ಟ ರಿಪೇರಿಯಲ್ಲೇ ಅದು ಕರಗುತ್ತದೆ. ಆದರೆ ಅದರ ಹತ್ತನೇ ಒಂದು ಪಾಲನ್ನಾದರೂ ಸ್ವಚ್ಛತೆಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಎಷ್ಟೋ ಹುಡುಗಿಯರು ಆರು ಏಳನೇ ತರಗತಿಗೆ ಬರುವಾಗ ತಿಂಗಳಿಗೆ ನಾಲ್ಕೈದು ದಿನ ಶಾಲೆಗೆ ಬರುವುದಿಲ್ಲ. ಮತ್ತೆ ಪಾಠ ಹಿಂದೆ ಬೀಳುತ್ತದೆ, ಕೊನೆಗೆ ಶಾಲೆಯೇ ಬಿಟ್ಟು ಹೋಗುತ್ತದೆ. ಕಾರಣ ಹುಡುಕಿದರೆ ಶೌಚಾಲಯದ ಬಾಗಿಲಿಗೆ ಚಿಲಕವಿರುವುದಿಲ್ಲ. ಚಿಲಕಕ್ಕೆ ಎಷ್ಟು ಬೆಲೆ? ಹಣವಿಲ್ಲದೆ ಅಲ್ಲ, ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವ ಹೆಂಗಸು ಇಲ್ಲದೆ ಆ ಚಿಲಕ ಬಂದಿಲ್ಲ.

ಆ ಸಭೆಯೇ ಎಸ್‌ಡಿಎಂಸಿ. ಕರ್ನಾಟಕದಲ್ಲಿ ಇದು 2001ರಿಂದಲೇ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಭಾಗ ಹೆತ್ತವರು ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಬಳಕೆಯಾಗುತ್ತದೆ ಎಂದು ನೋಡಿಕೊಳ್ಳುವುದೂ ಸಮಿತಿಯದೇ ಕೆಲಸ. ಸಮಿತಿಯ ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರ ಜಂಟಿ ಸಹಿಯಲ್ಲಿ ನಡೆಯುತ್ತದೆ. ನಡೆಯುವುದೇನು? ಹೆಂಡತಿಯ ಹೆಸರಿನಲ್ಲಿ ಗಂಡ ಬಂದು ಕುಳಿತುಕೊಳ್ಳುತ್ತಾನೆ. ಇಲ್ಲವೇ ನಡಾವಳಿ ಪುಸ್ತಕವೇ ಮನೆ ಬಾಗಿಲಿಗೆ ಬರುತ್ತದೆ, ಒಲೆಯ ಮುಂದಿನಿಂದ ಎದ್ದು ಬಂದ ತಾಯಿ ಓದದೆ ಸಹಿ ಹಾಕುತ್ತಾಳೆ. ಯಾವುದಕ್ಕೆ ಸಹಿ ಎಂದು ಅವಳಿಗೂ ಗೊತ್ತಿಲ್ಲ, ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ಕೆಳಗಿಳಿಸುವುದು. ನಾವು ಮದ್ರಸದಲ್ಲಿ ಕಲಿತ ಅಮಾನತ್ ಬೇರೆ: ನಂಬಿ ಒಪ್ಪಿಸಿದ ಸೊತ್ತು. ಬಡ ಮಕ್ಕಳ ಪಾಲಿನ ಈ ಹಣ ಎರಡನೇ ಅರ್ಥದ ಅಮಾನತ್. ಅದನ್ನು ಕಾಯುವುದು ಹೆಂಗಸರಿಗೆ ಹೇಳಿದ ಕೆಲಸವಲ್ಲ ಎನ್ನುವವರಿಗೆ ಶಿಫಾ ಬಿನ್ತ್ ಅಬ್ದುಲ್ಲಾ(ರ) ಅವರನ್ನು ನೆನಪಿಸಬೇಕು. ಹಝ್ರತ್ ಹಫ್ಸಾ(ರ) ಅವರಿಗೆ ಬರವಣಿಗೆ ಕಲಿಸಿದ ಸ್ವಹಾಬಿ ಮಹಿಳೆ ಅವರು. ಖಲೀಫಾ ಉಮರ್(ರ) ಮದೀನಾದ ಮಾರುಕಟ್ಟೆಯ ಉಸ್ತುವಾರಿಯಲ್ಲೂ ಅವರಿಗೆ ಹೊಣೆ ಕೊಟ್ಟಿದ್ದರೆಂಬ ವರದಿಯಿದೆ.

ಇನ್ನು ವಿದ್ಯಾರ್ಥಿವೇತನದ ಕಥೆ. ಸಾಚಾರ್ ಸಮಿತಿಯ ವರದಿ ಬಂದದ್ದು 2006ರಲ್ಲಿ. ಅದರ ಬೆನ್ನಿಗೆ 2008ರಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಆರಂಭವಾಯಿತು. ವಾರ್ಷಿಕ ಆದಾಯ ಒಂದು ಲಕ್ಷ ಮೀರಿರಬಾರದು, ಶೇ. 30 ಪಾಲು ಹೆಣ್ಣುಮಕ್ಕಳಿಗೆ. ಸಣ್ಣ ತರಗತಿಯವರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ ಸಾವಿರ ರೂಪಾಯಿ. ಬೀಡಿ ಕಟ್ಟುವ ತಾಯಿಗೆ ಅದು ಚೀಲ, ಚಪ್ಪಲಿ, ನೋಟುಪುಸ್ತಕಕ್ಕೆ ಸಾಕಾಗುತ್ತಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರವು ಒಂದರಿಂದ ಎಂಟನೇ ತರಗತಿಯವರನ್ನು ಇದರಿಂದ ಕೈಬಿಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವರಿಗೆ ಶಿಕ್ಷಣ ಉಚಿತವಾಗಿಯೇ ಇದೆಯಲ್ಲ ಎಂಬುದು ಕೊಟ್ಟ ಕಾರಣ. ಫೀಸು ಉಚಿತವಾದರೆ ಓದಿನ ಖರ್ಚೆಲ್ಲ ಮುಗಿಯಿತೇ? ಇದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಆದರೆ ಅಮಾನತ್‌ಗೆ ದ್ರೋಹ ಬಗೆದವರೂ ಇದ್ದರು. ಸಚಿವಾಲಯ ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830ರಲ್ಲಿ ವಂಚನೆ ಕಂಡುಬಂದು, 144 ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟದ ಬಗ್ಗೆ 2023ರಲ್ಲಿ ಸಿಬಿಐ ಮೊಕದ್ದಮೆ ದಾಖಲಿಸಿತು. ಇಲ್ಲದ ಮಕ್ಕಳ ಹೆಸರಿನಲ್ಲಿ ಹಣ ಎತ್ತುವಾಗ ಇರುವ ಮಕ್ಕಳು ಎಲ್ಲಿದ್ದರು? ಅನೇಕರು ಹೆಸರಿನ ಗೊಂದಲದಲ್ಲಿದ್ದರು. ಶಾಲೆಯ ದಾಖಲೆಯಲ್ಲಿ ‘ಬೀಬಿ ಫಾತಿಮಾ’, ಆಧಾರಿನಲ್ಲಿ ‘ಫಾತಿಮಾ ಬಿ’, ಪಾಸ್‌ಬುಕ್ಕಿನಲ್ಲಿ ಬರೀ ‘ಫಾತಿಮ’. ಮುಹಮ್ಮದ್ ಎಂಬ ಹೆಸರನ್ನು ನಾವು ಎಷ್ಟು ಬಗೆಯಲ್ಲಿ ಬರೆಯುತ್ತೇವೆ ಎಂದು ಒಮ್ಮೆ ಎಣಿಸಿ ನೋಡಿ! ‘ಟೀಚರೇ, ಎಲ್ಲರಿಗೂ ಬಂದಿದೆ, ನನ್ನ ಮಗಳಿಗೆ ಮಾತ್ರ ಬಂದಿಲ್ಲ’ ಎಂದು ತಾಯಂದಿರು ಕೇಳುವಾಗ ಹತ್ತರಲ್ಲಿ ಕೆಲವು ಸಲ ಇದೇ ಕಾರಣ. ಇನ್ನು ಕೆಲವು ಸಲ ಹಣ ಬಂದಿರುತ್ತದೆ, ಬೇರೆ ಬ್ಯಾಂಕಿಗೆ. ಆಧಾರ್ ಆಧಾರಿತ ಪಾವತಿಯಲ್ಲಿ, ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೇವೋ ಅಲ್ಲಿಗೇ ಹಣ ಹೋಗುತ್ತದೆ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನವೇ ಎಲ್ಲ ಕಾಗದಗಳಲ್ಲಿ ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳಿ. ಎಂಟು ವರ್ಷ ಕಳೆದ ಮೇಲೆ ತಿದ್ದಿಸಲು ಎಷ್ಟು ಅಲೆಯಬೇಕೆಂದು ಅಲೆದವರಿಗೇ ಗೊತ್ತು.

ಎಲ್ಲ ಬಾಗಿಲೂ ಮುಚ್ಚಿಲ್ಲ. ಎನ್‌ಎಂಎಂಎಸ್ ಎಂಬ ಕೇಂದ್ರದ ಯೋಜನೆ 2008ರಲ್ಲೇ ಶುರುವಾದದ್ದು. ಜಾತಿ ಧರ್ಮದ ಭೇದವಿಲ್ಲದೆ, ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯದ ಮಿತಿ ಮೂರೂವರೆ ಲಕ್ಷ, ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು. ಹುಡುಗಿಯರನ್ನು ಶಾಲೆಯಿಂದ ಬಿಡಿಸುವ ವಯಸ್ಸಿನಲ್ಲೇ ಬರುವ ಹಣ ಇದು. ಲೆಕ್ಕ ಮತ್ತು ತರ್ಕದ ಪ್ರಶ್ನೆಗಳಿಗೆ ಏಳನೇ ತರಗತಿಯಿಂದಲೇ ಅಭ್ಯಾಸ ಮಾಡಿಸಬೇಕಾಗುತ್ತದೆ. ಮಗಳು ಏಳರಲ್ಲಿದ್ದರೆ ಈ ವಾರವೇ ಅವಳ ಕ್ಲಾಸ್ ಟೀಚರನ್ನು ಕಂಡು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಬಿಡಿ.