ಅಣೆಕಟ್ಟಿನ ಅಡಿಯ ನೆಲ

ಅಣೆಕಟ್ಟೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅದರ ಎತ್ತರ, ಉದ್ದ ಹಾಗೂ ಧುಮುಕುವ ಜಲರಾಶಿ. ಆದರೆ ಕಟ್ಟೆಯ ಅಳಿವು ಉಳಿವುಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಣ್ಣಿಗೆ ಕಾಣದ ಭಾಗ: ಅದು ನಿಂತಿರುವ ನೆಲ ಮತ್ತು ಆತುಕೊಂಡಿರುವ ದಂಡೆಯ ಬಂಡೆ.

ಯಾವ ಅಣೆಕಟ್ಟೂ ನೀರನ್ನು ಸಂಪೂರ್ಣವಾಗಿ ತಡೆಯಲಾರದು. ಹತ್ತು ಮೀಟರ್ ಆಳದ ನೀರು ತಳದ ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್ನುಗಳಷ್ಟು ಭಾರವನ್ನು ಹೇರುತ್ತದೆ. ಈ ಒತ್ತಡಕ್ಕೆ ಸಿಕ್ಕಿದ ನೀರು ಮಣ್ಣಿನ ಕಣಗಳ ನಡುವೆಯೂ ಬಂಡೆಯ ಬಿರುಕುಗಳಲ್ಲಿಯೂ ದಾರಿ ಹುಡುಕುತ್ತದೆ. ಜಿನುಗುವ ನೀರು ತಿಳಿಯಾಗಿದ್ದು, ಅದರ ಪ್ರಮಾಣ ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಅದು ಕದಡಿ ಬಂದಿತೆಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದೇ ತಿಳಿಯಬೇಕು. ಕಣಗಳು ಹೋದಂತೆಲ್ಲ ದಾರಿ ಅಗಲವಾಗುತ್ತದೆ, ದಾರಿ ಅಗಲವಾದಂತೆಲ್ಲ ಹರಿವು ಹೆಚ್ಚುತ್ತದೆ. ಕಡೆಗೆ ಕೊಳವೆಯಂತಹ ಸುರಂಗವೇ ಉಂಟಾಗುತ್ತದೆ. ಎಂಜಿನಿಯರುಗಳು ಇದನ್ನು ‘ಪೈಪಿಂಗ್’ ಎನ್ನುತ್ತಾರೆ.

ಅಮೆರಿಕದ ಐಡಾಹೊ ರಾಜ್ಯದ ಟೀಟನ್ ಅಣೆಕಟ್ಟು ಇದಕ್ಕೆ ಮರೆಯಲಾಗದ ನಿದರ್ಶನ. ನದಿಯ ಪಾತ್ರದಿಂದ ಸುಮಾರು 93 ಮೀಟರ್ ಎತ್ತರದ ಈ ಮಣ್ಣಿನ ಕಟ್ಟೆಯ ಹಿಂದೆ 1975ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ನೀರು ತುಂಬಲಾರಂಭಿಸಿತು. 1976ರ ಜೂನ್ 3ರಂದು ಕೆಳಭಾಗದಲ್ಲಿ ತಿಳಿನೀರಿನ ಒರತೆಗಳು ಕಂಡವು. ಜೂನ್ 5ರ ಮುಂಜಾನೆ ಬಲದಂಡೆಯ ಬಳಿ ಕೆಸರುನೀರು ಹೊರಟಿತು. ರಂಧ್ರವನ್ನು ಮುಚ್ಚಲು ಹೋದ ಎರಡು ಬುಲ್ಡೋಜರುಗಳನ್ನೇ ಅದು ನುಂಗಿತು. ಚಾಲಕರು ಹೇಗೋ ಪಾರಾದರು. ಮಧ್ಯಾಹ್ನ ಹನ್ನೆರಡಾಗುವುದಕ್ಕೆ ಮುನ್ನವೇ ಕಟ್ಟೆ ಒಡೆಯಿತು. ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು; ಸಾವಿರಾರು ಜಾನುವಾರುಗಳು ಕೊಚ್ಚಿಹೋದವು.

ತನಿಖೆಯಿಂದ ತಿಳಿದುಬಂದುದೇನು? ಅಲ್ಲಿನ ರಯೊಲೈಟ್ ಬಂಡೆ ಬಿರುಕುಗಳಿಂದ ತುಂಬಿತ್ತು. ಬಂಡೆಯಲ್ಲಿ ತೋಡಿದ ಆಳವಾದ ಕಂದಕಕ್ಕೆ ಗಾಳಿ ತಂದು ಹರಡಿದ್ದ ನುಣ್ಣನೆಯ ಮಣ್ಣನ್ನು ತುಂಬಲಾಗಿತ್ತು. ಈ ಮಣ್ಣು ನೀರಿಗೆ ಬಹು ಸುಲಭವಾಗಿ ಸವೆಯುವಂಥದು. ಅದು ಬಂಡೆಯನ್ನು ಸೇರುವೆಡೆ ಬಿರುಕುಗಳನ್ನು ತಕ್ಕಷ್ಟು ಮುಚ್ಚಿರಲಿಲ್ಲ. ಮಣ್ಣನ್ನು ಹಿಡಿದಿಡುವ ಸೋಸುಪದರವೂ ಇರಲಿಲ್ಲ. ಟೀಟನ್ ಕಟ್ಟೆಯನ್ನು ಮತ್ತೆ ಕಟ್ಟಲಿಲ್ಲ.

ಇದಕ್ಕೆ ಪರಿಹಾರಗಳು ಅಪರಿಚಿತವಾದುವೇನಲ್ಲ. ಬಂಡೆಯಲ್ಲಿ ರಂಧ್ರ ಕೊರೆದು ಒತ್ತಡದಿಂದ ಸಿಮೆಂಟ್ ಗಾರೆಯನ್ನು ತುಂಬಿ ಬಿರುಕುಗಳನ್ನು ಮುಚ್ಚುವುದು ಮೊದಲನೆಯದು. ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆಯುವ ಮರಳಿನ ಸೋಸುಪದರ ಎರಡನೆಯದು; ಮಣ್ಣಿನ ಬಲವಿಜ್ಞಾನದ ಪಿತಾಮಹನೆನಿಸಿದ ಕಾರ್ಲ್ ಟೆರ್ಜಾಗಿ ಅದರ ಕಣಗಳ ಗಾತ್ರಕ್ಕೆ ನಿಯಮವನ್ನು ರೂಪಿಸಿದನು. ಮೂರನೆಯದು ಎಚ್ಚರ: ಮೊದಲ ಬಾರಿ ನಿಧಾನವಾಗಿ ತುಂಬುವುದು, ಒಳಗಿನ ಒತ್ತಡವನ್ನೂ ಜಿನುಗುವಿಕೆಯನ್ನೂ ಅಳೆಯುತ್ತಿರುವುದು. ನಮ್ಮ ದೇಶದ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯೂ ಮಳೆಗಾಲದ ಮುಂಚೆ ಮತ್ತು ಅನಂತರ ತಪಾಸಣೆ ನಡೆಸುವುದನ್ನು ಕಡ್ಡಾಯಗೊಳಿಸಿದೆ.

ಕಟ್ಟೆಯ ಬುಡದಲ್ಲಿ ಜಿನುಗುವ ನೀರಿನ ಬಣ್ಣವನ್ನು ದಿನವೂ ನೋಡುವ ಕಾವಲುಗಾರನ ಕೆಲಸ ಮೇಲ್ನೋಟಕ್ಕೆ ಅಲ್ಪವೆನಿಸಬಹುದು. ಕೆಳಗಿನ ಊರುಗಳ ನೆಮ್ಮದಿಯ ನಿದ್ರೆ ಆ ನೋಟವನ್ನೇ ನಂಬಿದೆ.